ಹೂಂಗುಟ್ಟುವವನ ರೆಪ್ಪೆಗಳು

“ಈ ಮನುಷ್ಯಾ ಎಚ್ಚರದಾಗ ಅದಾನೋ, ನಿದ್ದಿ ಹೊಡ್ಯಾಕ ಹತ್ಯಾನೋ?”

ಗದಿಗಯ್ಯನವರು ಇದನ್ನು ಯಾರನ್ನೂ ಕೇಳಿದ್ದಲ್ಲ. ಪುರಾಣದ ಹೊತ್ತಿಗೆಯ ಮೇಲೆ ಕೈಯಿಟ್ಟು, ಮುಂದಿದ್ದ ದೀಪಕ್ಕೆ ಹೇಳಿದ ಹಾಗೆ ಹೇಳಿದರು. ದೀಪ ಉತ್ತರ ಕೊಡಲಿಲ್ಲ. ಕೊಡಬೇಕಾದವನು ನಾನು, ಏಕೆಂದರೆ ಆ ಮನುಷ್ಯ ನಾನೇ. ಅಭ್ಯಾಸಬಲದಿಂದ “ಹೂಂ” ಅಂದೆ. ಎಚ್ಚರಕ್ಕೆ ಹೂಂ ಅಂದನೋ, ನಿದ್ದೆಗೆ ಹೂಂ ಅಂದನೋ ತಿಳಿಯದೆ ಮಠದ ಪಡಸಾಲೆ ತುಂಬ ಕೂತಿದ್ದ ಜನ ಗೊಳ್ಳೆಂದು ನಕ್ಕರು.

ಹುಟ್ಟಿದಾಗಿನಿಂದ ನನ್ನ ರೆಪ್ಪೆಗಳು ಜೋತುಬಿದ್ದವು. ಮಧ್ಯಾಹ್ನ ಊಟಕ್ಕೆ ಹೋಗುವ ಅಂಗಡಿಯವನು ಬಾಗಿಲಿಗೆ ಗೋಣಿಪರದೆ ಇಳಿಬಿಟ್ಟು ಹೋಗುತ್ತಾನಲ್ಲ, ಹಾಗೆ. ಪರದೆಯ ಅಡಿಯಿಂದ ಇಣುಕಿದರೆ ಎಷ್ಟು ಕಾಣುತ್ತದೋ ಅಷ್ಟೇ ನನ್ನ ಪ್ರಪಂಚ. ಬೀದಿಯಲ್ಲಿ ದಾರಿ ಕಾಣಬೇಕಾದರೆ ಗಲ್ಲ ಮೇಲೆತ್ತಿ ನಡೆಯಬೇಕು. ಶಿಕಾರಿಪುರದ ಪೇಟೆಯವರು, “ನೋಡ್ರೀ, ನಾಲ್ಕು ಕೊಡ ನಾಲ್ಕು ಚೆಂಬು ಮಾರೋ ವೀರಬಸಪ್ಪಂಗೆ ಎಷ್ಟು ಸೊಕ್ಕು” ಅನ್ನುತ್ತಿದ್ದರು. ಮಠದಲ್ಲಿ ತಲೆ ತಗ್ಗಿಸಿ ಕೂತರೆ, ಮಲಗಿದ್ದಾನೆ ಅನ್ನುತ್ತಿದ್ದರು. ಬೀದಿಯಲ್ಲಿ ಸೊಕ್ಕಿನವ, ಮಠದಲ್ಲಿ ಸೋಮಾರಿ. ಇದ್ದದ್ದು ಎರಡೇ ರೆಪ್ಪೆ. ತಂದ ಹೆಸರು ಮಾತ್ರ ಬೇಕಾದಷ್ಟು.

ಮಠದಲ್ಲಿ ನಾನು ಕೂರುತ್ತಿದ್ದ ಜಾಗದ ಬಗ್ಗೆ ಹೇಳಬೇಕು. ಪುರಾಣ ಹೇಳುವವರಿಗೆ ಎದುರಿಗೊಬ್ಬ ಹೂಂಗುಟ್ಟುವವ ಬೇಕು. ಪದ್ಯ ಮುಗಿದು ಅವರು ಉಸಿರು ತೆಗೆಯುವ ಕಡೆ ಇವನು “ಹೂಂ” ಅನ್ನಬೇಕು. ರಾಟೆಗೆ ಎಣ್ಣೆ ಬಿಟ್ಟ ಹಾಗೆ. ಇಲ್ಲದಿದ್ದರೂ ನೀರು ಬರುತ್ತದೆ, ಆದರೆ ಕಿರುಗುಟ್ಟುತ್ತದೆ. ದೀಪದ ಪಕ್ಕದ ಆ ಮಣೆ ನಮ್ಮಪ್ಪನದು. ಅವರ ತೊಡೆಯ ಮೇಲೆ ಕೂತೇ ನಾನು ಪದ್ಯಗಳನ್ನು ಕೇಳಿ ಬೆಳೆದೆ. ಅವರ ಹೊಟ್ಟೆಯೊಳಗಿಂದ ಬರುತ್ತಿದ್ದ ಹೂಂಕಾರ ನನ್ನ ಬೆನ್ನಿಗೆ ತಾಗುತ್ತಿತ್ತು. ಅವರು ಲಿಂಗೈಕ್ಯರಾದ ಮೇಲೆ ಮಣೆ ನನಗೆ ಬಂತು. ಬೇರೆ ಆಸ್ತಿಯನ್ನೆಲ್ಲ ತಮ್ಮಂದಿರು ಹಂಚಿಕೊಂಡರು, ನಾನು ಹೂಂ ಅಂದೆ. ಹೆಣ್ಣು ತೋರಿಸಿದಾಗಲೂ ಹೂಂ ಅಂದೆ. ಮಾತು ಕಡಿಮೆ, ಹೂಂ ಜಾಸ್ತಿ, ಹೀಗೆ ನನ್ನ ಬಾಳು ಸಾಗಿತ್ತು.

ನಗು ನಿಂತ ಮೇಲೆ ಗದಿಗಯ್ಯನವರು ನೇರವಾಗಿ ನನಗೇ ಹೇಳಿದರು. ಅವರು ರಾಣೆಬೆನ್ನೂರು ಕಡೆಯವರು, ಪ್ರತಿ ಶ್ರಾವಣದಲ್ಲಿ ನಮ್ಮೂರಿಗೆ ಬಂದು ಪುರಾಣ ಹೇಳುವವರು. “ನೋಡು ವೀರಬಸಪ್ಪ, ಮುಚ್ಚಿದ ಬಾಗಿಲಿಗೆ ಎಷ್ಟಂತ ಹೇಳ್ಲಿ? ನೀ ಮುಂದಿನ ಶ್ರಾವಣಕ್ಕೂ ಹಿಂಗ ಕುಂತ್ರ, ಆ ಮಣಿ ಮಹೇಶ್ವರಪ್ಪಗ ಕೊಟ್ಟುಬಿಡ್ತೀನಿ.”

ಮಹೇಶ್ವರಪ್ಪ ಭತ್ತದ ವ್ಯಾಪಾರಿ. ಎರಡು ಬೋಂಡದಂಥ ಕಣ್ಣು. ಪುರಾಣದುದ್ದಕ್ಕೂ ಅವನ್ನು ಅಗಲಿಸಿಕೊಂಡು ಕೂತು ನಾಳಿನ ಭತ್ತದ ದರ ಯೋಚಿಸುತ್ತಾನೆ. ಅವನಿಗೆ ಒಂದು ಪದ್ಯವೂ ಬಾರದು. ಆದರೆ ಕಣ್ಣಿದೆ! ಅಂಗಡಿ ಹೋಗುತ್ತದೆ ಅಂದಿದ್ದರೂ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮನೆಯಲ್ಲಿ ನೀಲಾಂಬಿಕ, “ಬಿಡ್ರೀ, ನಾನೇ ಇಷ್ಟು ವರ್ಷ ನೀವು ಕೇಳಿಸ್ಕೊಳ್ತೀರೋ ಮಲಗಿದೀರೋ ಗೊತ್ತಾಗ್ದೆ ಸಂಸಾರ ಮಾಡಿಲ್ವಾ?” ಅಂದಳು. ಹಾಗಂದವಳೇ, ತೊಗರ್ಸಿ ಮಲ್ಲಿಕಾರ್ಜುನನಿಗೆ ಬೆಳ್ಳಿ ಕಣ್ಣು ಮಾಡಿಸಿ ಒಪ್ಪಿಸುತ್ತೇನೆಂದು ಹರಕೆ ಹೊತ್ತಳು. ಹಿಂದೆ ಮೂರು ಸಲ ಹೊತ್ತಿದ್ದಳು. ದೇವರಿಗೆ ಇರುವ ಕಣ್ಣೇ ಸಾಕು ಅನ್ನಿಸಿತೋ ಏನೋ, ನನ್ನವು ಏಳಲಿಲ್ಲ.

ದಾರಿ ತೋರಿಸಿದವಳು ಸೊರಬಕ್ಕೆ ಕೊಟ್ಟ ತಂಗಿ ಜಗದಾಂಬ. ನಯಾಪೈಸೆ ಬಂದು, ಜನ ಇನ್ನೂ ಆಣೆಯಲ್ಲೇ ಚೌಕಾಸಿ ಮಾಡುತ್ತಿದ್ದ ಕಾಲ. ಅವಳ ಪಕ್ಕದ ಮನೆಯ ಅಳಿಯ ಮುಂಬಯಿಯಲ್ಲಿ ಡಾಕ್ಟರು. ಯುದ್ಧದಲ್ಲಿ ಮುಖ ಕೆಟ್ಟ ಸಿಪಾಯಿಗಳಿಗೆ ಹೊಸ ಮುಖ ಹೊಲಿದುಕೊಟ್ಟವರಂತೆ. ಸಂಕ್ರಾಂತಿಗೆ ಮಾವನ ಮನೆಗೆ ಬಂದಾಗ ಅಲ್ಲಿನ ಛತ್ರದಲ್ಲಿ ಬಡವರಿಗೆ ಕಣ್ಣಿನ ಚಿಕಿತ್ಸೆ ಇಟ್ಟುಕೊಂಡಿದ್ದರು. “ಅಣ್ಣಯ್ಯ, ಬಂದು ಎತ್ತಿಸ್ಕೊಂಡ್ ಹೋಗು ಮಾರಾಯ. ಮೂಗು ಇಲ್ದೋರಿಗೇ ಮೂಗು ಮಾಡ್ತಾರಂತೆ, ನಿಂದೇನು ಮಹಾ” ಎಂದು ಹೇಳಿಕಳಿಸಿದಳು. ಶಿರಾಳಕೊಪ್ಪದ ಮೇಲೆ ಬಸ್ಸು ಹತ್ತಿ ಹೋದೆ.

ಡಾಕ್ಟರಿಗೆ ನಲವತ್ತರ ಆಸುಪಾಸು. ಬೆರಳಿನಿಂದ ನನ್ನ ರೆಪ್ಪೆ ಎತ್ತಿದರು, ಬಿಟ್ಟರು. ಅದು ಜಾರಿತು.

“ಕಣ್ಣು ಕಾಣುತ್ತಲ್ಲ ಯಜಮಾನರೇ, ಮತ್ಯಾಕೆ?”

“ಎದ್ದಿದೀನಿ ಅಂತ ಜನಕ್ಕೆ ಗೊತ್ತಾಗ್ಬೇಕು” ಅಂದೆ.

ಅವರು ನಗಲಿಲ್ಲ. ಅದೇ ನನಗೆ ಧೈರ್ಯ ತಂದಿತು. ಏನೇನು ಮಾಡಬಹುದು ಎಂದು ವಿವರಿಸತೊಡಗಿದರು. ರೆಪ್ಪೆಯನ್ನು ಎತ್ತುವ ಸ್ನಾಯು ಸಡಿಲವಾಗಿದೆ, ಅದನ್ನು ಗಿಡ್ಡ ಮಾಡಿ ಹೊಲಿಯಬಹುದು. ಮೇಲಿನ ಹೆಚ್ಚಿನ ಚರ್ಮವನ್ನು ಕತ್ತರಿಸಿ ತೆಗೆಯಬಹುದು. ಕಣ್ಣಿನ ಕೆಳಗಿನ ಚೀಲದೊಳಗೆ ಕೊಬ್ಬಿದೆ, ಅದನ್ನು ಇಳಿಸಬಹುದು. ಹುಬ್ಬನ್ನೂ ಒಂದಿಷ್ಟು ಮೇಲಕ್ಕೆ ಎಳೆದು ಕಟ್ಟಬಹುದು. ನನ್ನ ಅಂಗಡಿಯಲ್ಲಿ ಗಿರಾಕಿಯ ಮುಂದೆ ಬೋಗುಣಿಯಿಂದ ಹಂಡೆಯವರೆಗೆ ಸಾಲಾಗಿ ಇಟ್ಟ ಹಾಗಿತ್ತು.

ಜಗದಾಂಬ ಸೆರಗು ಸಿಕ್ಕಿಸಿಕೊಂಡು, “ಎಲ್ಲಾ ಮಾಡ್ಬಿಡಿ ಡಾಕ್ಟ್ರೇ. ಶಿಕಾರಿಪುರದಿಂದ ಬಂದಿದಾನೆ, ಮತ್ತೆ ಮತ್ತೆ ಬರಾಕಾಗ್ತದಾ?” ಅಂದಳು.

“ರೆಪ್ಪೆ ಒಂದೇ ಸಾಕು” ಅಂದೆ.

“ಎಷ್ಟು ಎತ್ತಬೇಕು ಅಂತ ಅಂದ್ಕೊಂಡಿದೀರಿ?”

ಇದು ನನ್ನಂಥವನನ್ನು ಕೇಳಬಾರದ ಪ್ರಶ್ನೆ. ಕಣ್ಣು ಹೇಗಿರಬೇಕೆಂದು ನಾನು ಕನ್ನಡಿಯಿಂದ ಕಲಿತವನಲ್ಲ, ಪದ್ಯಗಳಿಂದ ಕಲಿತವನು. ಅಲ್ಲಿ ಕಣ್ಣೆಂದರೆ ಕಿವಿಯ ತನಕ ಚಾಚಿರಬೇಕು, ಮೀನಾಗಿ ಹೊರಳಬೇಕು, ಇಲ್ಲವೇ ತಾವರೆಯಾಗಿ ಅರಳಬೇಕು. ಮಧ್ಯಮ ವರ್ಗದ ಕಣ್ಣು ನಾನು ಕೇಳಿದ ಯಾವ ಷಟ್ಪದಿಯಲ್ಲೂ ಇರಲಿಲ್ಲ.

“ಅರಳಿದ ತಾವರೆಯಷ್ಟು” ಅಂದೆ, ನಾಚುತ್ತ.

ಡಾಕ್ಟರು ನನ್ನನ್ನೊಮ್ಮೆ ನೋಡಿದರು. “ಅರಳೋದೆಲ್ಲ ಬೇಡ. ಮೊಗ್ಗು ಬಿರಿದಷ್ಟು ಸಾಕು. ನೋಡಿ, ಮಲಗಿಸಿ ಹೊಲಿಯೋವಾಗ ಎಷ್ಟು ಬಿಗಿ ಆಯ್ತು ಅಂತ ನನಗೆ ಪೂರ್ತಿ ಗೊತ್ತಾಗಲ್ಲ. ನಾನು ಕೇಳ್ತಾ ಹೋಗ್ತೀನಿ. ಸಾಕು ಅನ್ನಿಸಿದಾಗ ಸಾಕು ಅನ್ನಿ. ತಿಳೀತಾ?”

“ಹೂಂ.”

ಆ ಹೂಂ ಕೇಳಿದಾಗಲೇ ಅವರು ಎಚ್ಚರವಾಗಬೇಕಿತ್ತು. ಪಾಪ, ಮುಂಬಯಿಯವರು.

ಮಾರನೆಯ ಬೆಳಿಗ್ಗೆ ಮೇಜಿನ ಮೇಲೆ ಮಲಗಿಸಿ, ಮುಖಕ್ಕೆ ಬಟ್ಟೆ ಹೊದಿಸಿ, ರೆಪ್ಪೆಗೆ ಸೂಜಿ ಚುಚ್ಚಿದರು. ನೋವು ಹೋಯಿತು, ಹೆದರಿಕೆ ಉಳಿಯಿತು. ಹೆದರಿಕೆಗೆ ನನಗೆ ಗೊತ್ತಿದ್ದ ಮದ್ದು ಒಂದೇ. ಬಾಯಿಪಾಠ ಬರುವ ಪದ್ಯಗಳನ್ನು ಮನಸ್ಸಿನಲ್ಲೇ ಮೊದಲಿನಿಂದ ಹೇಳಿಕೊಳ್ಳತೊಡಗಿದೆ. ನನ್ನ ಮನಸ್ಸಿನೊಳಗೆ ಪದ್ಯ ಹೇಳುವುದು ಯಾವಾಗಲೂ ಗದಿಗಯ್ಯನವರ ದನಿಯೇ. ಪದ್ಯ ಏರಿತು, ಇಳಿಯಿತು, ಉಸಿರು ತೆಗೆಯುವ ಕಡೆ ಬಂದು ನಿಂತಿತು. ಸರಿಯಾಗಿ ಅಲ್ಲಿ ಯಾರೋ ಏನೋ ಅಂದರು.

“ಇನ್ನೊಂಚೂರು ಎತ್ತಲಾ?”

“ಹೂಂ” ಅಂದೆ.

ಮತ್ತೊಂದು ಪದ್ಯ. ಶರಣ ಕಾಡು ಹೊಕ್ಕ, ನವಿಲು ಕೂಗಿತು, ಪದ್ಯ ನಿಂತಿತು.

“ಇನ್ನೂ?”

“ಹೂಂ.”

“ಬಿಗಿ ಅನ್ನಿಸ್ತಿಲ್ವಾ? ಇನ್ನೂ ಎಳೀಲಾ?”

“ಹೂಂ.”

ಎರಡು ಕಣ್ಣಿಗೂ ಹೀಗೇ ಆಯಿತು. ಅಷ್ಟು ಹದವಾಗಿ ಹೂಂಗುಟ್ಟಿದ್ದನ್ನು ನಮ್ಮಪ್ಪ ಕೇಳಿದ್ದರೆ ಹೆಮ್ಮೆಪಡುತ್ತಿದ್ದರು.

ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ಜಗದಾಂಬನ ಮುಖ. ಗಲ್ಲ ಎತ್ತದೆಯೇ ಇಡೀ ಮುಖ ಕಂಡಿತು, ಬೈತಲೆಯವರೆಗೂ. ನನಗೆ ಅಳು ಬರುವಷ್ಟು ಸಂತೋಷವಾಯಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಅಯ್ಯೋ ಅಣ್ಣಯ್ಯ! ಏನು ನೋಡಿ ಹೆದರ್ಕೊಂಡ್ಯೋ?”

ಕನ್ನಡಿ ಕೊಟ್ಟರು. ಅದರೊಳಗಿದ್ದವನು ಕದ್ದ ಮಾಲಿನ ಸಮೇತ ಸಿಕ್ಕಿಬಿದ್ದವನ ಹಾಗೆ ನನ್ನನ್ನೇ ನೋಡುತ್ತಿದ್ದ. ಕಪ್ಪುಗುಡ್ಡೆಯ ಸುತ್ತ, ಮೇಲೂ ಕೆಳಗೂ ಬಿಳುಪು. ತಾವರೆ ಅರಳಿತ್ತು, ನಿಜ. ಮುಚ್ಚುವುದನ್ನು ಮರೆತಿತ್ತು. ಎಷ್ಟೇ ಬಲ ಹಾಕಿದರೂ ಎರಡು ರೆಪ್ಪೆಯ ನಡುವೆ ಅಕ್ಕಿಕಾಳಿನಷ್ಟು ಸಂದು ಉಳಿಯಿತು.

ಡಾಕ್ಟರು ಬೇಸರದಿಂದ, “ನಾನು ಪ್ರತಿ ಸಲ ಕೇಳಿದೆ. ನೀವು ಹೂಂ ಅಂದ್ರಿ” ಅಂದರು.

“ಹೂಂ” ಅಂದೆ. ಬೇರೇನು ಹೇಳಲಿ? ಒಣಗದ ಹಾಗೆ ಬಿಟ್ಟುಕೊಳ್ಳಲು ಕಣ್ಣಿಗೆ ಹನಿ ಕೊಟ್ಟರು. ಕಾಲ ಹೋದಂತೆ ಸ್ವಲ್ಪ ಇಳಿದರೂ ಇಳಿಯಬಹುದು ಅಂದರು.

ನೀಲಾಂಬಿಕ ಬಾಗಿಲಲ್ಲಿ ನನ್ನನ್ನು ನೋಡಿದವಳೇ, “ಮಲ್ಲಿಕಾರ್ಜುನಂಗೆ ಮಾಡಿಸ್ಬೇಕಂತಿದ್ದ ಬೆಳ್ಳಿ ಕಣ್ಣನ್ನ ನಿಮಗೇ ಅಂಟಿಸಿ ಕಳ್ಸಿದಾರಲ್ರೀ!” ಅಂದಳು. ಅಂದಿನಿಂದ ಅವಳದು ಹೊಸ ಫಿರ್ಯಾದು: “ಮೊದ್ಲು ಎದ್ದಿದ್ರೂ ಮಲಗಿದಂಗೆ ಕಾಣ್ತಿದ್ರಿ. ಈಗ ಮಲಗಿದ್ರೂ ಎದ್ದಂಗೆ ಕಾಣ್ತೀರಿ. ಬಾಳೋದು ಹೆಂಗ್ರೀ ನಾನು?” ಅಂಗಡಿಯಲ್ಲಿ ಮಾತ್ರ ಲಾಭವೇ ಆಯಿತು. ನಾನು ಸುಮ್ಮನೆ ನೋಡಿದರೂ ಗಿರಾಕಿಗಳು ಚೌಕಾಸಿ ನಿಲ್ಲಿಸಿಬಿಡುತ್ತಿದ್ದರು.

ಶ್ರಾವಣ ಬಂತು. ಮೊದಲ ಸಂಜೆಯೇ ಹೋಗಿ ಮಣೆಯ ಮೇಲೆ ಕೂತೆ. ಗದಿಗಯ್ಯನವರು ಹೊತ್ತಿಗೆ ಬಿಚ್ಚಿ, ಕೈಮುಗಿದು, ತಲೆ ಎತ್ತಿದರು. ನನ್ನ ಕಣ್ಣಿಗೆ ಅವರ ಕಣ್ಣು ತಾಗಿತು. ಮಂಗಳದ ಪದ್ಯದ ಎರಡನೆಯ ಸಾಲಿಗೇ ತಡವರಿಸಿದರು. ಹಿಂದಿನಿಂದ ಮಹೇಶ್ವರಪ್ಪ, “ಅಯ್ಯನೋರೇ, ಈಗಂತೂ ಬಾಗಿಲು ಪೂರಾ ತೆಗ್ದೈತಲ್ರೀ” ಎಂದ. ಜನ ನಕ್ಕರು. ನಾನೂ ನಕ್ಕೆ, ನಕ್ಕರೂ ನನ್ನ ಮುಖದಲ್ಲಿ ಭಯವೇ ಕಾಣುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ.

ಅಷ್ಟು ವರ್ಷ ಆ ಮಣೆಯಿಂದ ನನಗೆ ಕಾಣುತ್ತಿದ್ದುದು ದೀಪ, ಹೊತ್ತಿಗೆ, ಅವರ ಕೈ, ಗಡ್ಡದ ತುದಿ. ಗುರುವಿನ ಎದುರು ಗಲ್ಲ ಎತ್ತಿ ಕೂರುವುದು ಹೇಗೆ? ಪದ್ಯ ಹೇಳುವಾಗಿನ ಅವರ ಮುಖವನ್ನು ನಾನು ನೋಡಿಯೇ ಇರಲಿಲ್ಲ.

ಕೆಲವು ದಿನಗಳ ಮೇಲೆ, ಶರಣ ಮನೆ ಬಿಟ್ಟು ಹೊರಡುವ ಭಾಗ ಬಂತು. ಅವನ ತಾಯಿ ಅನ್ನದ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತು, ತಿರುಗಿ ನೋಡದ ಮಗನನ್ನು ಕೂಗುತ್ತಾಳೆ. ಆ ಪದ್ಯದ ಕೊನೆಗೆ ಗದಿಗಯ್ಯನವರು ಬೇರೆಲ್ಲೂ ನಿಲ್ಲದಷ್ಟು ಹೊತ್ತು ನಿಲ್ಲುತ್ತಾರೆ. ದೊಡ್ಡ ಪದ್ಯ, ದೊಡ್ಡ ಉಸಿರು ಎಂದುಕೊಂಡು ನಾನು ಪ್ರತಿ ವರ್ಷ ಅಲ್ಲೊಂದು ದೊಡ್ಡ ಹೂಂ ಹಾಕುತ್ತಿದ್ದೆ. ಅದು ನನ್ನ ಅತ್ಯುತ್ತಮ ಹೂಂ ಎಂಬ ಜಂಬವೂ ನನಗಿತ್ತು.

ಈ ಸಲ ಪದ್ಯ ನಿಂತಿತು. ನಾನು ಬಾಯಿ ತೆರೆದೆ. ಆಗ ಅವರ ಮುಖ ಕಂಡಿತು. ದನಿಯಲ್ಲಿ ಒಂದಿಷ್ಟೂ ನಡುಕವಿಲ್ಲದೆ ಪದ್ಯ ಮುಗಿಸಿದ ಆ ಮನುಷ್ಯನ ಕಣ್ಣಿಂದ ನೀರು ಇಳಿದು ಗಡ್ಡ ಸೇರುತ್ತಿತ್ತು. ಹಿಂದೆ ಕೂತವರಿಗೆ ಅದು ಕಾಣುವಂತಿರಲಿಲ್ಲ. ವ್ಯಾಸಪೀಠದ ನೆರಳು ಮುಖಕ್ಕೆ ಅಡ್ಡವಾಗಿತ್ತು. ಅವರು ಉಸಿರು ತೆಗೆಯುತ್ತಿರಲಿಲ್ಲ, ಅಳು ನುಂಗುತ್ತಿದ್ದರು. ಪ್ರತಿ ವರ್ಷ ಆ ಅಳುವಿನ ಮೇಲೆ ನಾನು ಕೊಡ ಇಳಿಸಿದ ಹಾಗೆ ಧೊಪ್ಪೆಂದು ಹೂಂ ಇಳಿಸಿದ್ದೆ.

ನನ್ನ ಬಾಯಿಂದ ಹೂಂ ಬರಲಿಲ್ಲ. ಸುಮ್ಮನೆ ನೋಡಿದೆ. ನನ್ನ ಕಣ್ಣಿಂದಲೂ ನೀರು ಬಂತು. ಆಪರೇಷನ್ನಿನ ನೀರೋ, ಪದ್ಯದ ನೀರೋ, ಹೇಳಲಾರೆ. ಪಡಸಾಲೆಯಲ್ಲಿ ಒಬ್ಬೊಬ್ಬರೇ ಕತ್ತು ಚಾಚಿ ನೋಡತೊಡಗಿದರು. ಗದಿಗಯ್ಯನವರು ಹೂಂಗಾಗಿ ಕಾದು, ತಲೆ ಎತ್ತಿ, ನಾನು ನೋಡುತ್ತಿರುವುದನ್ನು ಕಂಡರು. ಗಡಿಬಿಡಿಯಿಂದ ಶಲ್ಯದಲ್ಲಿ ಮುಖ ಒರೆಸಿಕೊಂಡು ಹೊತ್ತಿಗೆ ಕಟ್ಟಿ, ಅಂದಿಗೆ ಮುಗಿಸಿಬಿಟ್ಟರು.

ಮಂಗಳಾರತಿ ಆದ ಮೇಲೆ ಎಲ್ಲರ ಎದುರಿಗೇ ಕರೆದರು.

“ವೀರಬಸಪ್ಪ, ನಾಳಿಂದ ನೀ ಕಂಬದ ಹಿಂದ ಕುಂದ್ರು. ಹೂಂ ಅಲ್ಲಿಂದನ ಅನ್ನು, ನನಗ ಕೇಳಸ್ತದ. ಮಣಿ ಮ್ಯಾಗ ಮಹೇಶ್ವರಪ್ಪ ಕುಂದ್ರಲಿ.”

“ಯಾಕ್ರೀ ಅಯ್ಯನೋರೇ?”

“ನೀ ಹಂಗ ನೋಡಿದ್ರ ನನಗ ಹೇಳಾಕ ಆಗಂಗಿಲ್ಲೋ.” ಅವರ ದನಿ ತಗ್ಗಿತು. “ಇದೊಂದು ನಡೆಸಿಕೊಡು.”

ಮಹೇಶ್ವರಪ್ಪ ಆಗಲೇ ಪಂಚೆ ಸರಿಮಾಡಿಕೊಂಡು ಎದ್ದು ನಿಂತಿದ್ದ. ಹೆಂಗಸರ ಕಡೆಯಿಂದ ನೀಲಾಂಬಿಕ ನನ್ನನ್ನೇ ನೋಡುತ್ತಿದ್ದಳು. ನಾನು ಏನನ್ನುತ್ತೇನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು; ಹುಟ್ಟಿದಾಗಿನಿಂದ ಬೇರೇನು ಅಂದಿದ್ದೇನೆ? ನನ್ನ ತುಟಿಗಳೂ ಅದಕ್ಕೇ ಕೂಡಿಕೊಂಡವು. ಮುಚ್ಚಲಾರದ ಕಣ್ಣಿಂದ ಗದಿಗಯ್ಯನವರ ಮುಖ ನೋಡಿದೆ. ಗಡ್ಡ ಇನ್ನೂ ಒದ್ದೆಯಿತ್ತು.

“ಊಹೂಂ” ಅಂದೆ. “ನಾ ಏಳಲ್ಲ ಅಯ್ಯನೋರೇ.”