ಐವತ್ತೆಂಟನೆಯ ರುಜು

ಓದದೆ ರುಜು ಹಾಕುವುದು ಹೇಗೆಂದು ಯಾರಿಗಾದರೂ ಕಲಿಯುವ ಆಸೆಯಿದ್ದರೆ ಶಿಕಾರಿಪುರದ ನಮ್ಮ ಕಾಲೇಜಿಗೆ ಬರಲಿ. ಒಂದು ಕೈಯಲ್ಲಿ ಚಾಕ್‌ಪೀಸು, ಇನ್ನೊಂದರಲ್ಲಿ ಪೆನ್ನು, ಬಾಯಲ್ಲಿ ಪಾಠ. ಕಣ್ಣು ಮಾತ್ರ ಪುಸ್ತಕದ ಕಡೆ ತಿರುಗುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ಪುಸ್ತಕ ಹಿಡಿದು ತರಗತಿಗಳ ಬಾಗಿಲಲ್ಲಿ ನಿಂತವಳು ನಾನು, ಅಟೆಂಡರ್ ಕುಬ್ರಾ ಬೀ.

ಅದು ಸುತ್ತೋಲೆ ಪುಸ್ತಕ. ಆಡಳಿತ ಮಂಡಳಿಯ ಆದೇಶವನ್ನೂ ಅದರ ಕೆಳಗೆ ಟೈಪಾದ ಕಾಯಂ ನೌಕರರ ಹೆಸರಿನ ಪಟ್ಟಿಯನ್ನೂ ಅದರಲ್ಲಿ ಅಂಟಿಸಿ ನನ್ನ ಕೈಗೆ ಕೊಡುತ್ತಾರೆ. ಇಲ್ಲಿ ನಲವತ್ತೊಂದು ರುಜು ಹಾಕಿಸಿಕೊಂಡು, ಹನ್ನೆರಡೂವರೆ ಬಸ್ಸು ಹತ್ತಿ, ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗುತ್ತೇನೆ. ಅಲ್ಲಿ ನಮ್ಮದೇ ಸಂಸ್ಥೆಯ ಇನ್ನೊಂದು ಕಾಲೇಜಿದೆ, ಹದಿನಾರು ರುಜು. ಪಟ್ಟಿಯ ಕೊನೆಯಲ್ಲಿ ಐವತ್ತೆಂಟನೆಯದು ನನ್ನ ಹೆಸರು. ಅದರ ಮುಂದಿನ ಜಾಗ ಮಾತ್ರ ಯಾವತ್ತೂ ಖಾಲಿ. ಪುಸ್ತಕ ಹೊರುವವಳ ರುಜು ಯಾಕೆ ಎಂದು ಎಲ್ಲರೂ ಬಿಟ್ಟರು, ನಾನೂ ಬಿಟ್ಟೆ.

ಒಂದು ದಿನ ಹೀಗೇ ಹೊಸ ಸುತ್ತೋಲೆ ಹಿಡಿದು ಹೋದಾಗ ಸೊರಬದಲ್ಲಿ ಎಲ್ಲರೂ ಯಾರದೋ ಗೃಹಪ್ರವೇಶದ ಊಟಕ್ಕೆ ಹೊರಟು ನಿಂತಿದ್ದರು. ಲೈಬ್ರರಿಯ ನಿರ್ಮಲಮ್ಮ ಗೇಟಿನಲ್ಲೇ ಪುಸ್ತಕ ಕಿತ್ತುಕೊಂಡರು. "ತಗೊಂಬಾ ಮಾರಾಯ್ತಿ, ಎರಡನೇ ಪಂಕ್ತಿನೂ ಏಳೋ ಹೊತ್ತಾಯ್ತು." ಒಬ್ಬರ ಬೆನ್ನಿನ ಮೇಲೆ ಪುಸ್ತಕ ಇಟ್ಟು ಇನ್ನೊಬ್ಬರು, ಹೀಗೆ ಐದೇ ನಿಮಿಷದಲ್ಲಿ ಹದಿನಾರೂ ಮುಗಿದವು.

ವಾಪಸು ಬರುವಾಗ ಶಿರಾಳಕೊಪ್ಪದಲ್ಲಿ ಸಂತೆ. ಬಸ್ಸು ಕದಲಲಿಲ್ಲ. ಹೊತ್ತು ಹೋಗಲಿಲ್ಲವೆಂದು ಪುಸ್ತಕ ಬಿಚ್ಚಿದೆ. ಎಸ್ಸೆಸ್ಸೆಲ್ಸಿ ಪಾಸಾದವಳು ನಾನು, ಓದಲು ಬಾರದವಳಲ್ಲ. ಸುಮ್ಮನೆ ಓದುವ ಅಭ್ಯಾಸವಿರಲಿಲ್ಲ ಅಷ್ಟೇ.

ಎರಡನೇ ಸಾಲಿಗೆ ಬಂದವಳು ಮತ್ತೆ ಮೊದಲಿನಿಂದ ಓದಿದೆ. ಇಷ್ಟು ದಿನ ನಮ್ಮ ಸಂಬಳದಲ್ಲಿ ಪಿಎಫ್‌ಗೆಂದು ನೂರಕ್ಕೆ ಹನ್ನೆರಡು ಹಿಡಿಯುತ್ತಿದ್ದರು, ಅಷ್ಟನ್ನೇ ಆಡಳಿತ ಮಂಡಳಿಯೂ ತನ್ನ ಕೈಯಿಂದ ಹಾಕುತ್ತಿತ್ತು. ಇನ್ನು ಮುಂದೆ ಸಂಬಳ ಎಷ್ಟೇ ಇರಲಿ, ಹದಿನೈದು ಸಾವಿರವೆಂದೇ ಲೆಕ್ಕ ಹಾಕಿ ಮಂಡಳಿಯ ಪಾಲು ಕೊಡುತ್ತಾರಂತೆ. ಇಪ್ಪತ್ತೈದು ಸಾವಿರ ಸಂಬಳದ ನನ್ನದೇ ತಿಂಗಳಿಗೆ ಸಾವಿರದ ಮೇಲೆ ಹೋಯಿತು. ಕೆಳಗೆ ಸಹಿ ಮಾಡಿದವರು ಇದಕ್ಕೆ ಒಪ್ಪಿದ್ದಾರೆ ಎಂದು ಬರೆದಿತ್ತು.

ನನ್ನ ಗಂಡ ನಜೀರ್ ಸಾಬ್ ಗಾದಿ ಹೊಲಿಯುವವರು. ನಲವತ್ತು ವರ್ಷ ಹತ್ತಿ ಹಿಂಜಿದ ಎದೆ, ಈಗ ನಾಲ್ಕು ಹೆಜ್ಜೆ ನಡೆದರೆ ಕೆಮ್ಮು. ನಮ್ಮ ಮುಪ್ಪಿಗೆ ಇರುವುದು ನನ್ನ ಪಿಎಫ್ ಒಂದೇ. ಅದನ್ನು ಕತ್ತರಿಸುವ ಕಾಗದಕ್ಕೆ ಊರೂರು ಅಲೆದು ಐವತ್ತೇಳು ರುಜು ಹಾಕಿಸಿಕೊಂಡು ಬಂದವಳು ನಾನೇ. ನನ್ನ ಮೇಲೇ ನನಗೆ ಕೆಟ್ಟ ಸಿಟ್ಟು ಬಂತು.

ಕೂತಲ್ಲಿಂದಲೇ ಗಂಗಾಧರಪ್ಪ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ನಮ್ಮ ಕಾಮರ್ಸ್ ಲೆಕ್ಚರರ್, ಎಲ್ಲರಿಗಿಂತ ಹಿರಿಯರು.

"ಸರ್, ಬೆಳಿಗ್ಗೆ ಯಾವುದಕ್ಕೆ ರುಜು ಹಾಕಿದ್ರಿ?"

"ಅದೇ ಗುರುತಿನ ಚೀಟಿ ಹಾಕ್ಕಂಡು ಬರ್ರಿ ಅನ್ನೋದಲ್ಲೇನ್ರೀ?"

"ಪಿಎಫ್ ಕಡಿಮೆ ಮಾಡಾಕೆ ನಮ್ಮ ಒಪ್ಪಿಗೆ ಐತೆ ಅನ್ನೋದು ಸರ್."

ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಓದದೆ ಸಹಿ ಹಾಕಬೇಡಿ ಎಂದು ಹೇಳಿಕೊಂಡು ಬಂದ ಮನುಷ್ಯ. ಮಾಡಿದ್ದುಣ್ಣೋ ಮಹಾರಾಯ ಎನ್ನಬೇಕೆನಿಸಿತು, ಪಾಪ ಎಂದು ಸುಮ್ಮನಾದೆ.

"ಪೂರ್ತಿ ಓದ್ರಿ ಅದನ್ನ," ಎಂದರು.

ಸಂತೆಯ ಗದ್ದಲದಲ್ಲಿ ಗಂಟಲು ಹರಿಯುವ ಹಾಗೆ ಓದಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. 'ಎರಡೂ ಕಾಲೇಜಿನ ಪ್ರತಿಯೊಬ್ಬ ನೌಕರರ ಸಹಿ ಬಂದ ನಂತರ ಇದು ಜಾರಿಗೆ ಬರತಕ್ಕದ್ದು' ಎಂಬಲ್ಲಿಗೆ ಬಂದಾಗ ಮೇಷ್ಟ್ರು, "ಆ ಸಾಲು ಇನ್ನೊಮ್ಮೆ," ಎಂದರು.

ಇನ್ನೊಮ್ಮೆ ಓದುತ್ತಿದ್ದಂತೆ ನನ್ನ ಕಣ್ಣು ಪಟ್ಟಿಯ ಕೆಳಗೆ ಜಾರಿತು. ಐವತ್ತೆಂಟು, ಕುಬ್ರಾ ಬೀ, ಖಾಲಿ.

"ಸರ್, ನಂದೊಂದು ಬಿದ್ದಿಲ್ಲ."

"ಏನಂದ್ರಿ?"

"ನನ್ನ ರುಜು ಇಲ್ಲ ಸರ್. ನಂದು ಯಾವತ್ತೂ ಹಾಕ್ಸಂಡೇ ಇಲ್ಲ."

ಮೇಷ್ಟ್ರು ಮಗುವಿನ ಹಾಗೆ ನಕ್ಕುಬಿಟ್ಟರು. "ಕುಬ್ರಾ ಬೀ, ನಾಳೆ ತನಕ ಪೆನ್ನು ಮುಟ್ಟಬ್ಯಾಡ್ರಿ. ಮುಂದಿನ ಪುಟದಾಗೆ ವಿರೋಧದ ಪತ್ರ ನಾನು ಬರೀತೀನಿ, ಪುಸ್ತಕ ತಗಂಡು ನಮ್ಮನಿಗೆ ಬರ್ರಿ."

ಮೇಷ್ಟ್ರ ಹತ್ತಿರ ಪತ್ರ ಬರೆಸಿಕೊಂಡು ಬಂದು, ಸಂಜೆ ಮನೆಯಲ್ಲಿ ವಿಷಯ ಹೇಳಿದೆ. ನಜೀರ್ ಸಾಬ್ ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು ಕೇಳಿದರು. "ನನ್ನ ಕೆಲಸಕ್ಕೆ ಯಾವ ಸಾಹೇಬನೂ ಪಾಲು ಹಾಕಲಿಲ್ಲ. ನಿನಗೆ ಹಾಕೋರು ಇದಾರೆ, ಬಿಡಬೇಡ," ಎಂದರು. ಮಗಳು ಅಂಬರೀನ್ ಪುಸ್ತಕ ಎಳೆದುಕೊಂಡು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಳು. ಅವಳು ನಮ್ಮ ಕಾಲೇಜಿನ ಆಫೀಸಿನಲ್ಲೇ ಮೂರು ವರ್ಷದಿಂದ ದಿನಗೂಲಿ ಟೈಪಿಸ್ಟ್. ಈ ಸುತ್ತೋಲೆ ಮಾತ್ರ ಅವಳ ಕೈಗೆ ಬರದೆ ಹೊರಗೇ ಟೈಪಾಗಿ ಬಂದಿತ್ತು. ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ.

ಬೆಳಿಗ್ಗೆ ಹತ್ತಕ್ಕೆ ಆಡಳಿತ ಮಂಡಳಿಯ ಕಾರ್ಯದರ್ಶಿ ತೋಟಪ್ಪನವರು ಪುಸ್ತಕದ ಸಮೇತ ನನ್ನನ್ನು ಕರೆಸಿದರು. ಊರಲ್ಲಿ ಎರಡು ಅಕ್ಕಿ ಗಿರಣಿಯ ಮಾಲೀಕರು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವರು. ಹೊರಗೆ ಕಾರಿಡಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರಾತ್ರಿಯೇ ಮೇಷ್ಟ್ರ ಫೋನು ಹೋಗಿ ಸೊರಬದವರು ಮೊದಲ ಬಸ್ಸಿಗೇ ಬಂದಿದ್ದರು. ನಿರ್ಮಲಮ್ಮ ನನ್ನ ಕೈ ಹಿಡಿದು, "ಹೆದರಬೇಡ ಮಾರಾಯ್ತಿ, ನಾವೆಲ್ಲ ಇದೀವಿ," ಎಂದರು. ಹೆದರಿದ್ದು ಅವರು, ನನ್ನ ಕೈ ಬಿಡಲೇ ಇಲ್ಲ.

"ಬರ್ರಿ ಕುಬ್ರಾ ಬೀ, ಕೂತ್ಕಳ್ರಿ," ಎಂದು ತೋಟಪ್ಪನವರು ಕುರ್ಚಿ ತೋರಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕೂತದ್ದು ಅವತ್ತೇ.

"ನಿಮ್ಮದೊಂದು ರುಜು ಉಳಿದೈತಂತೆ. ಹಾಕಿಬಿಡ್ರಿ, ಕೆಲಸ ಮುಗೀತದೆ. ಈ ವಯಸ್ನಾಗೆ ಬಸ್ಸು ಹತ್ತಿ ಇಳಿಯೋದು ಯಾಕ್ರೀ, ಆಫೀಸಿನೊಳಗೇ ಕೂರೋ ಕೆಲಸ ಕೊಡಾಣ. ಅಂಬರೀನ್ ಚಲೋ ಹುಡುಗಿ. ಬರೋ ತಿಂಗಳು ಅವಳನ್ನ ಕಾಯಂ ಮಾಡಾಣ."

ಮೂಗಿಗೆ ತುಪ್ಪ ಸವರುತ್ತಿದ್ದಾರೆಂದು ಗೊತ್ತು. ಗೊತ್ತಿದ್ದೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಮೂರು ವರ್ಷದಿಂದ ಆ ಹುಡುಗಿ ಹಬ್ಬದ ರಜೆಗೂ ಹೆದರುತ್ತಾಳೆ, ರಜೆ ಎಂದರೆ ಆ ದಿನದ ಕೂಲಿ ಇಲ್ಲ. ಕೈ ಪೆನ್ನಿನ ಕಡೆ ಹೋಯಿತು.

ಆಗ ಒಂದು ಮಾತು ಕೇಳಿದೆ. "ಸರ್, ಅವಳು ಕಾಯಂ ಆದ್ರೆ ಅವಳ ಪಿಎಫ್‌ಗೂ ಇದೇ ಲೆಕ್ಕನೇನ್ರೀ?"

ತೋಟಪ್ಪನವರು ಕಿಟಕಿಯ ಕಡೆ ನೋಡಿದರು. "ಅದು ಎಲ್ಲರಿಗೂ ಒಂದೇ ಅಲ್ಲೇನ್ರೀ. ಉಳಿದೋರೆಲ್ಲ ಒಪ್ಯಾರೆ. ಐವತ್ತೇಳು ಜನ ದಡ್ಡರೇನು?"

"ದಡ್ಡರಲ್ಲ ಸರ್. ಅವರ‍್ಯಾರೂ ಓದಿಲ್ಲ. ನಾನು ಓದೀನಿ."

ಅಷ್ಟು ಹೇಳುವಾಗ ಎಲ್ಲಿತ್ತೋ ಆ ಧೈರ್ಯ. ಪುಸ್ತಕದ ಮುಂದಿನ ಪುಟ ತಿರುವಿದೆ. ಹಿಂದಿನ ಪುಟದ ಒಪ್ಪಿಗೆಯನ್ನು ಎಲ್ಲರೂ ಹಿಂದಕ್ಕೆ ಪಡೆದಿದ್ದೇವೆ, ಆಡಳಿತ ಮಂಡಳಿಯ ಪಾಲು ಒಂದು ರೂಪಾಯಿ ಕಡಿಮೆಯಾದರೂ ನಮ್ಮ ವಿರೋಧವಿದೆ ಎಂದು ಮೇಷ್ಟ್ರ ಅಕ್ಷರದಲ್ಲಿ ಇತ್ತು. ತೋಟಪ್ಪನವರ ಮೇಜಿನ ಮೇಲಿದ್ದ ಅವರದೇ ಪೆನ್ನಿನಿಂದ, ಎಲ್ಲರಿಗಿಂತ ಮೇಲೆ, ನನ್ನ ಹೆಸರು ಬರೆದೆ. ಅಭ್ಯಾಸವಿಲ್ಲದೆ 'ಬೀ' ಗೆರೆ ದಾಟಿ ಹೊರಗೆ ಹೋಯಿತು.

ಕಾರಿಡಾರಿಗೆ ಬಂದೊಡನೆ ಎಲ್ಲರೂ ಮುತ್ತಿಕೊಂಡರು. ಗಂಗಾಧರಪ್ಪ ಮೇಷ್ಟ್ರು ಪೆನ್ನಿನ ಮುಚ್ಚಳ ಬಿಚ್ಚಿಕೊಂಡೇ ಬಂದರು. ನಾನು ಪುಸ್ತಕವನ್ನು ಎದೆಗೆ ಅವಚಿಕೊಂಡೆ.

"ಮೊದಲು ಓದ್ರಿ ಸರ್."

"ಬರೆದೋನೇ ನಾನಲ್ರೀ."

"ಆದ್ರೂ ಓದ್ರಿ."

ಅವರು ಕನ್ನಡಕ ಸರಿಮಾಡಿಕೊಂಡು, ತಾವೇ ಬರೆದದ್ದನ್ನು, ತರಗತಿಯ ಮಕ್ಕಳೆಲ್ಲ ಹೊರಗೆ ಬಂದು ನೋಡುವಷ್ಟು ಗಟ್ಟಿಯಾಗಿ ಓದಿದರು. ಒಬ್ಬೊಬ್ಬರೂ ಓದಿಯೇ ಹಾಕಿದರು. ನಿರ್ಮಲಮ್ಮ ಎರಡು ಸಲ ಓದಿದರು. ವಾಚ್‌ಮನ್ ಸಣ್ಣಬೀರಪ್ಪನಿಗೆ ನಾನೇ ಓದಿ ಹೇಳಿದೆ. ನಾವು ನಗುತ್ತಿದ್ದೆವೋ ಜಗಳವಾಡುತ್ತಿದ್ದೆವೋ ಗೊತ್ತಿಲ್ಲ, ಗದ್ದಲಕ್ಕೆ ಎರಡನೇ ಪೀರಿಯಡ್ಡಿನ ಗಂಟೆ ಯಾರಿಗೂ ಕೇಳಲಿಲ್ಲ. ಗಂಟೆ ಹೊಡೆಯಬೇಕಾದವಳು ನಾನೇ ಎಂಬುದು ಆಮೇಲೆ ನೆನಪಾಯಿತು.

ನಾಲ್ಕನೇ ದಿನ ಹೊಸ ಸುತ್ತೋಲೆ ಬಂತು. ಹಿಂದಿನ ಸುತ್ತೋಲೆಯನ್ನು ಹಿಂಪಡೆಯಲಾಗಿದೆ. ಒಂದೇ ಸಾಲು. ಆ ಒಂದು ಸಾಲನ್ನು ನಲವತ್ತೊಂದು ಜನ ಎಷ್ಟು ಹೊತ್ತು ಓದಿದರೆಂದರೆ ನನ್ನ ಹನ್ನೆರಡೂವರೆ ಬಸ್ಸು ಹೋಗಿಯೇ ಬಿಟ್ಟಿತು.

ಸುತ್ತೋಲೆ ಟೈಪ್ ಮಾಡಿದ್ದು ಅಂಬರೀನ್. ಅವಳು ಇನ್ನೂ ದಿನಗೂಲಿಯಲ್ಲೇ ಇದ್ದಾಳೆ, ಕಾಯಂ ಮಾತನ್ನು ತೋಟಪ್ಪನವರು ಮತ್ತೆ ಎತ್ತಲಿಲ್ಲ. ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಆ ಸಾಲು ಓದಿದೆ, ಐವತ್ತೆಂಟರ ಮುಂದೆ ರುಜು ಹಾಕಿದೆ. ಕಣ್ಣು ಇನ್ನೂ ಕೆಳಗಿಳಿಯಿತು. ನನ್ನ ಹೆಸರಿನ ಕೆಳಗೆ, ಯಾರನ್ನೂ ಕೇಳದೆ, ಮಗಳು ಐವತ್ತೊಂಬತ್ತು ಎಂದು ಟೈಪ್ ಮಾಡಿ ಮುಂದೆ ಹೆಸರಿನ ಜಾಗ ಖಾಲಿ ಬಿಟ್ಟಿದ್ದಳು.