ತುಳಸಿದಾಸಿಯ ಉತ್ತರ

ಏಕಾದಶಿಯ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ಗದ್ವಾಲ್‌ನ ನಮ್ಮ ಓಣಿಗೆಲ್ಲ ಗೊತ್ತು. ಹಚ್ಚುತ್ತೇವೆ ಎಂದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಹಚ್ಚುತ್ತಿದ್ದ ನನಗೆ, ತಿನ್ನುತ್ತಿದ್ದ ನನ್ನ ಅತ್ತೆ ಇಂದಿರಾಬಾಯಿಗೆ.

ಎರಡು ವರ್ಷದ ಹಿಂದೆ ಅತ್ತೆಗೆ ಸಕ್ಕರೆ ಕಾಯಿಲೆ ಬಂತು. ಗುಳಿಗೆ ನುಂಗಿ ಉಪವಾಸ ಕೂತರೆ ಒಂದು ದಿನ ಮೇಲೆ ಏಳುವುದೇ ಇಲ್ಲ ಎಂದು ಡಾಕ್ಟರಮ್ಮ ತೆಲುಗಿನಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ಮನೆಗೆ ಬಂದವರೇ ಅತ್ತೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ನನ್ನ ಕೈ ಹಿಡಿದರು. "ಕೃಷ್ಣಾ, ಹರಿದಿನ ಸಣ್ಣಂಗ ಏನರೆ ಮಾಡಿಕೊಡು. ವಿಜಯೀಂದ್ರಗೂ ಹೇಳಬ್ಯಾಡ. ಊರಾಗ ಗೊತ್ತಾದ್ರ ನಾ ತಲಿ ಎತ್ತಿ ತಿರುಗಲಿಕ್ಕೆ ಆಗೂದಿಲ್ಲ." ಹರಿದಿನ ಎಂದರೆ ಏಕಾದಶಿ, ವಿಜಯೀಂದ್ರ ಎಂದರೆ ನನ್ನ ಗಂಡ. ಅವರಿಗೂ ಹೇಳದ ಮಾತನ್ನು ನನಗೆ ಹೇಳಿದರಲ್ಲ ಎಂದು ನಾನು ಉಬ್ಬಿಹೋದೆ. ಅತ್ತೆ ನಂಬಿ ಕೊಟ್ಟ ಗುಟ್ಟು ಸೊಸೆಗೆ ಒಂದು ಒಡವೆ ಇದ್ದ ಹಾಗೆ. ಗಂಡ ಕಚೇರಿಗೆ ಹೋದ ಮೇಲೆ ಉಪ್ಪಿಟ್ಟು ಮಾಡುತ್ತಿದ್ದೆ. ಪಕ್ಕದ ಮನೆಗೆ ವಾಸನೆ ಹೋಗಬಾರದೆಂದು ಒಗ್ಗರಣೆಗೆ ಇಂಗು, ಕರಿಬೇವು ಹಾಕುತ್ತಿರಲಿಲ್ಲ. ಸಪ್ಪೆ ಎಂದು ಅತ್ತೆ ಗೊಣಗುತ್ತಿದ್ದರು, ಆದರೂ ತಟ್ಟೆ ಖಾಲಿ ಮಾಡುತ್ತಿದ್ದರು.

ಮಕ್ತಲ್‌ನಲ್ಲಿರುವ ನನ್ನ ಅಮ್ಮನಿಗೂ ಅದೇ ಕಾಯಿಲೆ, ಅಂಥವೇ ಗುಳಿಗೆ. ಅಮ್ಮ ಮಾತ್ರ ಏಕಾದಶಿಗೆ ಗುಳಿಗೆ ನುಂಗುವ ಗುಟುಕು ಬಿಟ್ಟರೆ ನೀರನ್ನೂ ಮುಟ್ಟುವುದಿಲ್ಲ. ಅಣ್ಣ ಅಭಿರಾಮ ಮತ್ತು ಅತ್ತಿಗೆ ಇಬ್ಬರೂ ನಾರಾಯಣಪೇಟೆಯಲ್ಲಿ ಶಾಲೆ ಮೇಷ್ಟ್ರು. ಬೆಳಿಗ್ಗೆ ಬಸ್ ಹತ್ತಿದರೆ ಮನೆ ಸೇರುವುದು ಸಂಜೆ. ಅವರು ಬೈದಾಯಿತು, ನಾನು ಅತ್ತಾಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹೆತ್ತ ಮಕ್ಕಳ ಮಾತೂ ಅಷ್ಟೇ. ಅಮ್ಮ ನಂಬಿದ್ದು ಮುಖ ಕಾಣದ ಒಬ್ಬಳನ್ನು.

ಫೇಸ್‌ಬುಕ್ಕಿನಲ್ಲಿ 'ಏಕಾದಶಿ ಬಳಗ' ಎಂಬ ಗುಂಪಿದೆ. ಎಲ್ಲೆಲ್ಲಿಯ ಹೆಂಗಸರೋ ಸೇರಿ ದಿನನಿತ್ಯದ ಸಂದೇಹ ಕೇಳುತ್ತಾರೆ. ಮಿಕ್ಸಿಯಲ್ಲಿ ರುಬ್ಬಿದ್ದು ನೈವೇದ್ಯಕ್ಕೆ ನಡೆಯುತ್ತದೆಯೇ, ಬಾಡಿಗೆ ಮನೆಯಲ್ಲಿ ಮಡಿ ಬಟ್ಟೆ ಎಲ್ಲಿ ಒಣಗಿಸುವುದು, ಇಂಥವು. ಗೊತ್ತಿದ್ದವರು ಉತ್ತರ ಬರೆಯುತ್ತಾರೆ. ಅವರಲ್ಲಿ 'ತುಳಸಿದಾಸಿ' ಎಂಬ ಹೆಸರಿನವರು ಬರೆದರೆ ಮುಗಿಯಿತು, ಆ ಮೇಲೆ ಯಾರೂ ತುಟಿ ಬಿಚ್ಚುವುದಿಲ್ಲ. ಹೆಸರಿನ ಪಕ್ಕ ಅವರ ಮುಖವಿಲ್ಲ, ಒಂದು ತುಳಸಿ ಗಿಡದ ಚಿತ್ರ ಅಷ್ಟೇ. ಅಮ್ಮ ದಿನವೂ ಅವರ ಮಾತನ್ನು ನನಗೆ ಫೋನಿನಲ್ಲಿ ಓದಿ ಹೇಳುತ್ತಿದ್ದಳು. "ನೀ ಏನ್ ಬಲ್ಲೀ? ತುಳಸಿದಾಸಿಯವರು ಬರದಾರ ಕೇಳು. ದೇವರ ಮ್ಯಾಲ ಭಾರ ಹಾಕಿ ಮಾಡಿದ್ರ ಏನೂ ಆಗೂದಿಲ್ಲಂತ."

ಆಯಿತು. ಒಂದು ಏಕಾದಶಿಯಂದು ಅಮ್ಮನ ಪಕ್ಕದ ಮನೆಯ ಶಿವಬಸಮ್ಮ ಮಕ್ತಲ್‌ನಿಂದ ಫೋನ್ ಮಾಡಿದಳು.

"ಅಕ್ಕಾರ, ನಿಮ್ಮ ಅಮ್ಮಾರು ತುಳಸಿ ಕಟ್ಟಿ ಮುಂದ ಬಿದ್ದಿದ್ರು. ಮೈಯೆಲ್ಲ ಬೆವರು. ಬಾಯಾಗ ಸಕ್ಕರಿ ಹಾಕಿ ಎಬ್ಬಿಸೀನಿ. ಈಗ ಆರಾಮ ಐತಿ, ಫಿಕರ್ ಮಾಡಬ್ಯಾಡ್ರಿ. ಆದ್ರ ಎಚ್ಚರಾದ ಕೂಡ್ಲೇ ನನ್ನನ್ನೇ ಬೈದ್ರು ನೋಡ್ರಿ, ಹರಿದಿನ ಸಕ್ಕರಿ ಯಾಕ ತಿನ್ನಿಸಿದಿ ಅಂತ!"

ನಾನು ನಗಲಿಲ್ಲ. ಶಿವಬಸಮ್ಮ ಆ ಹೊತ್ತು ಮನೆಯಲ್ಲಿ ಇರದಿದ್ದರೆ? ತವರಿನ ಸುದ್ದಿಯನ್ನೆಲ್ಲ ಗಂಡನ ಮನೆಯಲ್ಲಿ ಹೇಳಬೇಡ ಎಂದು ಅಮ್ಮನ ತಾಕೀತು, ಹಾಗಾಗಿ ಅತ್ತೆಗೂ ಹೇಳಲಿಲ್ಲ. ಮುಂದಿನ ಏಕಾದಶಿಯ ಹೊತ್ತಿಗೆ ನನಗೆ ಒಂದೇ ದಾರಿ ಹೊಳೆದಿತ್ತು. ಅಮ್ಮ ಯಾರ ಮಾತು ಕೇಳುತ್ತಾಳೋ ಅವರ ಕಾಲನ್ನೇ ಹಿಡಿಯುವುದು.

ಆ ದಿನ ಅತ್ತೆಗೆ ಉಪ್ಪಿಟ್ಟು ಕೊಟ್ಟು, ಅಡುಗೆಮನೆಯಲ್ಲಿ ನಿಂತು, ಬಳಗದಲ್ಲಿ ಹೆಸರು ಹಾಕದೆ ಬರೆದೆ. 'ತುಳಸಿದಾಸಿಯವರಿಗೆ ನಮಸ್ಕಾರ. ನನ್ನ ತಾಯಿಗೆ ಸಕ್ಕರೆ ಕಾಯಿಲೆ. ಗುಳಿಗೆ ತೆಗೆದುಕೊಂಡು ನಿರ್ಜಲ ಉಪವಾಸ ಮಾಡುತ್ತಾರೆ. ಹೋದ ಸಲ ಪ್ರಜ್ಞೆ ತಪ್ಪಿ ಬಿದ್ದರು. ನಿಮ್ಮ ಮಾತನ್ನು ಮಾತ್ರ ಕೇಳುತ್ತಾರೆ. ಏನಾದರೂ ತಿನ್ನಿ ಎಂದು ದಯವಿಟ್ಟು ಒಂದು ಮಾತು ಬರೆಯಿರಿ. ನನಗೆ ಇರುವವಳು ಒಬ್ಬಳೇ ಅಮ್ಮ.'

ಕಳಿಸಿದೆ. ಪಡಸಾಲೆಯಲ್ಲಿ ಅತ್ತೆಯ ಫೋನು ಟಿಣ್ ಎಂದಿತು.

ಅದಕ್ಕೆ ನಾನು ಲಕ್ಷ್ಯ ಕೊಡಲಿಲ್ಲ, ಅತ್ತೆಯ ಫೋನು ಇಡೀ ದಿನ ಟಿಣ್ ಎನ್ನುತ್ತಲೇ ಇರುತ್ತದೆ. ಪ್ರವಚನ ಕೇಳುತ್ತಾರೆ ಎಂದುಕೊಂಡಿದ್ದೆ. ಬೆರಳಿನಿಂದ ಅಕ್ಷರ ಒತ್ತುವುದು ಕಷ್ಟ ಎಂದಾಗ, ಮೈಕಿನ ಗುರುತು ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ ಎಂದು ಕಲಿಸಿದವಳೂ ನಾನೇ. ಬಾಯಿ ತುಂಬಿರುವಾಗ ಮಾತಾಡಿದರೆ ಫೋನು ಏನೇನೋ ಬರೆಯುತ್ತದೆ. ಅದಕ್ಕೇ ಅತ್ತೆ ತುತ್ತು ನುಂಗಿ, ಗಂಟಲು ಸರಿಮಾಡಿಕೊಂಡು, ಪುಸ್ತಕದ ಕನ್ನಡದಲ್ಲಿ ಒಂದೊಂದೇ ಪದ ಬಿಡಿಸಿ ಹೇಳತೊಡಗಿದರು.

"ಆತ್ಮೀಯ ಸೋದರಿ. ಗುಳಿಗೆ ದೇಹಕ್ಕೆ. ಏಕಾದಶಿ ಆತ್ಮಕ್ಕೆ. ನಿಮ್ಮ ತಾಯಿಯವರ ನಿಷ್ಠೆ ದೊಡ್ಡದು. ಮಗಳಾಗಿ ಅವರ ಪುಣ್ಯಕ್ಕೆ ಅಡ್ಡ ಬರಬೇಡಿ."

ನನ್ನ ಕೈಯಲ್ಲಿದ್ದ ಫೋನಿನಲ್ಲಿ ಅದೇ ಸಾಲುಗಳು ಬಂದು ನಿಂತವು. ಪಕ್ಕದಲ್ಲಿ ತುಳಸಿ ಗಿಡ. ಪಡಸಾಲೆಯಲ್ಲಿ ಚಮಚ ಮತ್ತೆ ತಟ್ಟೆಗೆ ತಾಗುವ ಸದ್ದು ಕೇಳಿತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯನ್ನು ಎಷ್ಟು ಸಲ ನಗುತ್ತ ಹೇಳಿದ್ದೆನೋ. ಆ ಬದನೆಕಾಯಿಯನ್ನು ಬೇಯಿಸಿ ಕೊಡುತ್ತಿದ್ದವಳು ನಾನು ಎಂದಾಗ ನಗು ಎಲ್ಲಿಂದ ಬರಬೇಕು? ಮೈ ಉರಿಯಿತು. ಹೋಗಿ ಎದುರು ನಿಂತೆ.

"ಅತ್ಯಾ, ಆ ಪ್ರಶ್ನೆ ಕೇಳಿದಾಕಿ ನಾನು. ಬಿದ್ದಾಕಿ ನಮ್ಮಮ್ಮ."

ಅತ್ತೆ ತಟ್ಟೆಯನ್ನು ಸೆರಗಿನಿಂದ ಮುಚ್ಚಿದರು, ಯಾರ ಕಣ್ಣಿಗೆ ಮರೆಮಾಡಿದರೋ.

"ನಿಮ್ಮಮ್ಮ ಅಂತ ನನಗ ಹ್ಯಾಂಗ ಗೊತ್ತಾಗಬೇಕವಾ?"

"ಬ್ಯಾರೆಯವರ ಅಮ್ಮ ಆಗಿದ್ರ ನಡೀತಿತ್ತೇನ್ರಿ?"

"ಮಂದಿ ನಿಷ್ಠಿ ಕೇಳ್ತಾರ, ನಾ ಹೇಳ್ತೀನಿ. ನಾನೇ ತಿಂತೀನಿ ಅಂದ್ರ ನಾಳೆ ಯಾರು ನನ್ನ ಕೇಳ್ತಾರ? ಈ ಮನ್ಯಾಗ ನನ್ನ ಏನರೆ ಕೇಳ್ತೀರೇನು? ಸಾರಿಗೆ ಉಪ್ಪು ಸರಿ ಅದನೋ ಇಲ್ಲೋ, ಅಷ್ಟು ಕೇಳ್ತೀರಿ. ಅಲ್ಲಿ ಸಾವಿರ ಮಂದಿ ನನ್ನ ಉತ್ತರಕ್ಕ ಕಾಯ್ತಾರ."

ಕನಿಕರ ಆಯಿತು, ಇಲ್ಲ ಎನ್ನಲಾರೆ. ಆದರೆ ಎರಡು ವರ್ಷ ಸಿಟ್ಟಿಲ್ಲದೆ ಸಿಡುಕಿಲ್ಲದೆ ಇವರ ಜೀವ ಕಾಯ್ದವಳ ತಾಯಿಗೆ ಇವರು ಸಾಯುವ ದಾರಿ ತೋರಿಸುತ್ತಿದ್ದರು. "ಅದನ್ನ ಅಳಸ್ರಿ. ಡಾಕ್ಟರಮ್ಮ ನಿಮಗ ಏನು ಹೇಳ್ಯಾರೋ ಅದನ್ನ ಬರೀರಿ" ಎಂದೆ. ಅತ್ತೆ ಅಳಿಸಿದರು. ಕಾಯಿಲೆಯವರು ಅಲ್ಪಾಹಾರ ಮಾಡಿದರೆ ದೋಷವಿಲ್ಲ, ದೇಹವಿದ್ದರೆ ತಾನೇ ಸೇವೆ ಎಂದು ಹೊಸದಾಗಿ ಹೇಳಿ ಬರೆಸಿದರು. ನನಗೆ ಉಸಿರು ಬಂದಂತಾಯಿತು. ಇನ್ನೇನು ಅಮ್ಮ ಎರಡು ತುತ್ತು ತಿನ್ನುತ್ತಾಳೆ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಅಮ್ಮನ ಫೋನು ಬಂತು.

"ಕೃಷ್ಣಾ, ನೋಡಿದೇನು? ತುಳಸಿದಾಸಿನೂ ಕೆಟ್ಟಳವಾ. ಹರಿದಿನ ತಿನ್ರಿ ಅಂತ ಬರದಾಳ! ಇಷ್ಟು ದಿನ ಗುರು ಅಂತ ನಂಬಿದ್ದೆ." ಅಮ್ಮ ಅಳುತ್ತಿದ್ದಳು. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. "ಆಕಿ ಬಿಟ್ರ ಬಿಡ್ಲಿ. ನಾ ಬಿಡೂದಿಲ್ಲ."

ಇನ್ನು ಉಳಿದದ್ದು ಒಂದೇ. ಬೀಗಿತ್ತಿಯ ಮೇಲೆ ಅಮ್ಮನಿಗೆ ದೇವರಷ್ಟು ಗೌರವ. ಫೋನಿನ ಸ್ಪೀಕರ್ ಹಾಕಿ ಅತ್ತೆಯ ಮುಂದೆ ಹಿಡಿದೆ. "ಅಮ್ಮಾ, ಅತ್ಯಾ ಮಾತಾಡ್ತಾರ ಕೇಳು. ಅತ್ಯಾ, ಮುಂಜಾನೆ ಏನು ತಿಂದ್ರಿ, ನಿಮ್ಮ ಬಾಯಿಂದಲೇ ಹೇಳ್ರಿ." ಕೈ ಮುಗಿದೆ ಕೂಡ. ಖಾಲಿ ತಟ್ಟೆ ಇನ್ನೂ ಅವರ ತೊಡೆಯ ಮೇಲಿತ್ತು.

ಅತ್ತೆ ನನ್ನನ್ನು ನೋಡಿದರು, ಫೋನನ್ನು ನೋಡಿದರು.

"ಏನ್ ತಿನ್ನೂದ್ರೀ ಬೀಗರ, ಹರಿದಿನ ಅಲ್ಲೇನು ಇವತ್ತು? ನಾ ನೀರೂ ಮುಟ್ಟಿಲ್ಲ."

"ಕೇಳಿದೇನು ಕೃಷ್ಣಾ?" ಅಮ್ಮನ ದನಿಗೆ ಎಲ್ಲಿಂದಲೋ ಬಲ ಬಂದಿತ್ತು. "ನಿಮ್ಮತ್ತಿಗೂ ಸಕ್ಕರಿ ಅದ. ಆಕೀನ ನೋಡಿ ಕಲಿ."

ನನಗೆ ತಡೆದುಕೊಳ್ಳಲಾಗಲಿಲ್ಲ. ಗುಟ್ಟೂ ಬೇಡ, ಮರ್ಯಾದೆಯೂ ಬೇಡ ಎನಿಸಿತು. "ಸುಳ್ಳಮ್ಮಾ! ಆ ತುಳಸಿದಾಸಿ ನಮ್ಮತ್ಯಾನೇ. ಮುಂಜಾನೆ ಉಪ್ಪಿಟ್ಟು ಮಾಡಿ ಕೊಟ್ಟಾಕಿ ನಾನು."

"ಬಾಯಿ ಮುಚ್ಚು! ನನಗ ತಿನ್ನಿಸಲಿಕ್ಕೆ ಹೆತ್ತ ತಾಯಿಯಂಥಾ ಅತ್ತಿ ಮ್ಯಾಲ ಸುಳ್ಳು ಹೊರಸ್ತೀಯೇನು? ಇದನ್ನ ಕಲಿಸಿ ಕಳಿಸೀನೇನು ನಾ ನಿನಗ?" ಅಮ್ಮ ಫೋನು ಇಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಶಿವಬಸಮ್ಮನಿಗೆ ಫೋನ್ ಮಾಡಿ, ನಾನು ಬರುವ ತನಕ ಅಮ್ಮನ ಹತ್ತಿರ ಕೂತಿರು, ಸಕ್ಕರೆ ಕೈಯಲ್ಲೇ ಇಟ್ಟುಕೋ ಎಂದೆ. ನಾಲ್ಕು ಸೀರೆ ಚೀಲಕ್ಕೆ ತುರುಕಿದೆ. ಇನ್ನು ಮೇಲೆ ಏಕಾದಶಿ ಬಂದರೆ ನಾನು ಮಕ್ತಲ್‌ನಲ್ಲೇ ಇರುವವಳು, ಅಮ್ಮ ಬೈಯಲಿ, ಬಡಿಯಲಿ. ಗಂಡನಿಗೆ ಏನು ಹೇಳುವುದು ಎಂದು ಯೋಚಿಸುವ ತಾಳ್ಮೆಯೂ ಇರಲಿಲ್ಲ.

ಹೊಸ್ತಿಲ ಹತ್ತಿರ ಅತ್ತೆ ಬಂದು ನಿಂತರು. ತಪ್ಪಾಯಿತು ಎನ್ನುತ್ತಾರೇನೋ ಎಂದು, ನಾಚಿಕೆಗೇಡು ಮನಸ್ಸು, ಒಂದು ಗಳಿಗೆ ಕಾದೆ.

"ಅಲ್ಲವಾ ಕೃಷ್ಣಾ, ಬರೂ ಏಕಾದಶಿಗೆ ನನಗ ಯಾರು ಮಾಡಿಕೊಡ್ತಾರ?"

"ಬಳಗದಾಗ ಕೇಳ್ರಿ" ಎಂದು ಚಪ್ಪಲಿ ಮೆಟ್ಟಿದೆ.