ಅತೀಗ್ ಎಂಬ ನಡುಹೆಸರು

ಎಲೆಕ್ಟ್ರಾ ಸ್ಟ್ರೀಟಿನಲ್ಲಿರುವ ಅಬ್ದುಲ್ ಗಫೂರರ, ಸರ್ಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನ ಟೋಕನ್ ಯಂತ್ರವು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಚೀಟಿ ಉಗುಳುವುದನ್ನು ನಿಲ್ಲಿಸಿತೆಂಬುದನ್ನು ಅಬುಧಾಬಿಯ ಚರಿತ್ರಕಾರರು ಗಮನಿಸತಕ್ಕದ್ದು. ಸಾಲು ಸಾಮ್ರಾಜ್ಯದ ಹಾಗೆ ಕುಸಿದು, ಎಲ್ಲರೂ ಟೈಪಿಸ್ಟ್ ಜೆಸ್ಸಿಯ ಮೇಜಿಗೇ ಮುತ್ತಿದರು. ಹೀಗಾಗಿ ಸಾಲಿಮ್ ಗುಟ್ಟಾಗಿ ಕೇಳಬೇಕೆಂದಿದ್ದುದು ಹತ್ತು ಜನರ ಕಿವಿಗೆ ಬಿತ್ತು.

ಸಾಲಿಮ್ ಟುನೀಶಿಯಾದ ಕಪ್ಪು ಮನುಷ್ಯ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಮಗಳು ಹುಟ್ಟಿ ಹದಿನೆಂಟು ದಿನ. ಜನನ ಪತ್ರದ ಅರ್ಜಿಯಲ್ಲಿ ತನ್ನ ಹೆಸರಿನ ನಡುವಿನ ‘ಅತೀಗ್’ ಬಿಟ್ಟುಬಿಡಬಹುದೇ ಎಂದು ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಕೇಳಿದ.

“ಪಾಸ್‌ಪೋರ್ಟಲ್ಲಿ ಇದ್ದ ಹಾಗೇ ಹೊಡೀಬೇಕು,” ಎಂದಳು ಜೆಸ್ಸಿ. “ಎಂತ ಅರ್ಥ ಅದಕ್ಕೆ?”

“ಬಿಡುಗಡೆಯಾದವನು. ಅತೀಗ್ ಗರ್ಸಾವಿ ಅಂದರೆ ಗರ್ಸಾವಿ ಮನೆತನದವರು ಬಿಟ್ಟ ಗುಲಾಮ. ಬಿಟ್ಟದ್ದು ನನ್ನ ಅಜ್ಜನ ಅಜ್ಜನನ್ನು, ಗುಮಾಸ್ತ ಹಾಗೇ ಬರೆದ. ನೂರೈವತ್ತು ವರ್ಷದಿಂದ ನಾವು ಬಿಡುಗಡೆ ಆಗುತ್ತಲೇ ಇದ್ದೇವೆ.”

ಹಿಂದೆ ನಿಂತಿದ್ದ, ಟುನೀಶಿಯಾದವರೇ ಆದ ಬೆಳ್ಳನೆಯ ಗೃಹಸ್ಥರೊಬ್ಬರು ಪ್ರಸನ್ನರಾಗಿ ನಕ್ಕರು. “ಗರ್ಸಾವಿಯೇ? ಅದು ನಮ್ಮ ಮನೆತನ. ಅಂದರೆ ನಾವೆಲ್ಲ ಒಂದೇ ಕುಟುಂಬ. ಇದರಲ್ಲಿ ನಾಚಿಕೆ ಏನು ಹಬೀಬಿ?”

“ನನ್ನ ಅಣ್ಣ ನಿಮ್ಮವರ ಮನೆಗೆ ಹೆಣ್ಣು ಕೇಳಲು ಹೋದಾಗ ಯಾರಿಗೂ ಇದು ನೆನಪಾಗಲಿಲ್ಲ,” ಎಂದ ಸಾಲಿಮ್. “ಊರಲ್ಲಿ ನಮಗೆ ಖಬರಸ್ಥಾನವೂ ಬೇರೆ.”

ಗೃಹಸ್ಥರಿಗೆ ಫೋನಿನಲ್ಲಿ ಏನೋ ತುರ್ತು ಕಂಡಿತು.

“ನಮ್ಮೂರ ಕಡೆ ಇಂಥದ್ದೆಲ್ಲ ಇಲ್ಲಪ್ಪ,” ಎಂದರು ಗಫೂರ್, ಕನ್ನಡದಲ್ಲಿ. ತನ್ನ ಮದುವೆ ಮಾತುಕತೆಯಲ್ಲಿ, ಇಗರ್ಜಿಯ ಅಂಗಳದಲ್ಲೇ, ಗಂಡಿನ ಕಡೆಯವರು ‘ನೀವು ಬಾಮಣರ ಪೈಕಿಯೋ’ ಎಂದು, ಕ್ರೈಸ್ತರಾಗುವ ಮುಂಚಿನ ಜಾತಿ ಹಿಡಿದು, ತನ್ನಪ್ಪನನ್ನು ಮೂರು ಸಲ ವಿಚಾರಿಸಿದ್ದು ಜೆಸ್ಸಿಗೆ ನೆನಪಿತ್ತು.

“ಊರಿಗೆ ಹೋಗಿ ಕೋರ್ಟಲ್ಲಿ ತೆಗೆಸಿದರೆ?” ಎಂದು ಸಾಲಿಮನನ್ನು ಕೇಳಿದಳು.

“ತೆಗೆಸಬಹುದು. ಆಮೇಲೆ ಡಿಗ್ರಿ ಒಬ್ಬನದು, ಲೈಸೆನ್ಸ್ ಇನ್ನೊಬ್ಬನದು, ವೀಸಾ ಮೂರನೆಯವನದು. ಆಸ್ಪತ್ರೆ ಯಾರಿಗೆ ಕೆಲಸ ಕೊಡುತ್ತದೆ? ಅಲ್ಲಿಯವರೆಗೆ ಮಗು ಕಾಗದವಿಲ್ಲದೆ ಇಲ್ಲಿ ಇರುವ ಹಾಗಿಲ್ಲ.”

ಪಾಸ್‌ಪೋರ್ಟ್ ಸಂಖ್ಯೆ ಹೊಡೆದೊಡನೆ ಪರದೆ ತಾನೇ ತಂದೆಯ ಹೆಸರು ತುಂಬಿಕೊಂಡಿತು. ಜೆಸ್ಸಿ ಆ ಒಂದು ಪದ ಅಳಿಸಿದಳು. ಚೌಕ ಕೆಂಪಾಯಿತು, ಮುಂದಕ್ಕೆ ಹೋಗಲು ಬಿಡಲಿಲ್ಲ. ಇನ್ನೊಮ್ಮೆ ಅಳಿಸಿದಳು. ಇನ್ನೊಮ್ಮೆ ಕೆಂಪಾಯಿತು.

“ಯಲ್ಲಾ ಮಾರಾಯ್ತಿ, ಜನ ನಿಂತಿದ್ದಾರೆ,” ಎಂದರು ಗಫೂರ್.

ಜೆಸ್ಸಿ ಸಾಲಿಮನ ಮುಖ ನೋಡಿದಳು. ಅವನು ಪರದೆಯನ್ನೇ ನೋಡುತ್ತಿದ್ದ.

“ಹೊಡೆಯಿರಿ,” ಎಂದ.

ಅರ್ಜಿ ಹನ್ನೊಂದು ಗಂಟೆಗೆ ಹೋಯಿತು. ಮಗುವಿನ ಹೆಸರು ದುಆ ಸಾಲಿಮ್ ಅತೀಗ್ ಗರ್ಸಾವಿ.